ಎಂಟು ತಾಸಿನ ಸುಳ್ಳು

ನಾನು ಕೈಯಲ್ಲಿ ಹಿಡಿದು ಆಡುವ ಒಂದು ವಿಡಿಯೋ ಗೇಮ್ ಯಂತ್ರ. ಕಾರ್ಖಾನೆಯಲ್ಲಿ ನನ್ನ ಪರದೆಯನ್ನು ಮಬ್ಬಾಗಿಸಿ, ದನಿ ಅಡಗಿಸಿ, ಅತಿ ಸಣ್ಣ ಆಟವೊಂದನ್ನು ಓಡಿಸಿ ಬ್ಯಾಟರಿಯನ್ನು ಅಳೆದರು. ಎಂಟು ಗಂಟೆ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದರು. ಹಾಗೆ ಯಾವ ಮನುಷ್ಯ ಆಡುತ್ತಾನೆ? ನನ್ನ ಬಾಯಿಗೆ ಅವರೇ ತುರುಕಿದ ಸುಳ್ಳದು.

ದಾವಣಗೆರೆಯ ಚನ್ನವೀರ ಅದನ್ನು ನಂಬಿ ನನ್ನನ್ನು ಅಕ್ಕನಿಗಾಗಿ ಕೊಂಡ. ಅಕ್ಕ ವಿಶಾಲಾಕ್ಷಿ ಡ್ರಾಯಿಂಗ್ ಟೀಚರ್. ಮೂತ್ರಪಿಂಡ ಕೆಟ್ಟು ವಾರಕ್ಕೆರಡು ಸಲ ನಾಲ್ಕು ಗಂಟೆ ಡಯಾಲಿಸಿಸ್‌ಗೆ ಮಲಗುತ್ತಿದ್ದರು. ಎಡಗೈಗೆ ಸೂಜಿ. ನನ್ನನ್ನು ದಿಂಬಿಗೆ ಆನಿಸಿ, ಬಲಗೈ ಒಂದರಿಂದಲೇ ಆಟದ ಕಾರು ಓಡಿಸುತ್ತಿದ್ದರು. ಓಡಿಸುವಷ್ಟು ಹೊತ್ತು ಕೊಳವೆಯಲ್ಲಿ ಹರಿಯುವ ತಮ್ಮ ರಕ್ತವನ್ನು ಅವರು ನೋಡುತ್ತಿರಲಿಲ್ಲ.

ಮೊದಲ ಸಲ ಎರಡೇ ಗಂಟೆಯಲ್ಲಿ ನಾನು ಆರಿಹೋದೆ. ಹಾಸಿಗೆಯ ಪಕ್ಕದ ಪ್ಲಗ್ ಚಿಕಿತ್ಸೆಯ ಯಂತ್ರಕ್ಕೆ ಮಾತ್ರ ಎಂದು ನರ್ಸ್ ಮೊದಲೇ ಹೇಳಿದ್ದರು. ಕಪ್ಪು ಪರದೆಯಲ್ಲಿ ವಿಶಾಲಾಕ್ಷಿಯವರ ಊದಿದ ಮುಖ ಕಂಡಿತು. ಉಳಿದ ಹೊತ್ತೆಲ್ಲ ಅವರು ಕೊಳವೆಯನ್ನೇ ನೋಡಿದರು. ಪ್ರತಿ ಸಲವೂ ಹೀಗೇ ಆಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಕ್ಕ ತಮ್ಮ ಇಬ್ಬರೂ ನನ್ನನ್ನು ಕೊಂಡ ಅಂಗಡಿಗೆ ಹೋದರು. ಬೆಳಕು ಕಡಿಮೆ ಮಾಡಿ, ದನಿ ಅಡಗಿಸಿ, ದೊಡ್ಡ ಆಟ ಆಡಬೇಡಿ ಎಂದ ಅಂಗಡಿಯವನು. ಮ್ಯಾನೇಜರ್ ಬಂದು, ನೀವು ಬಳಸುವ ರೀತಿಯೇ ತಪ್ಪು, ಬೇಕಿದ್ದರೆ ಪವರ್ ಬ್ಯಾಂಕ್ ಕೊಳ್ಳಿ ಎಂದ. ಚನ್ನವೀರ ಮೇಜು ಗುದ್ದಿದ. ವಿಶಾಲಾಕ್ಷಿ ಅವನ ಕೈ ಹಿಡಿದು ಹಿಂದೆ ಸರಿಸಿದರು.

"ಎಂಟು ತಾಸು ಅಂತ ಬರೆದವರು ನೀವು. ನನಗೆ ಬೇಕಾಗಿದ್ದು ಬರೀ ನಾಲ್ಕು."

ಮ್ಯಾನೇಜರ್ ಮುಂದಿನ ಗಿರಾಕಿಯತ್ತ ತಿರುಗಿದ.

ವರ್ಷ ಕಳೆಯುವಷ್ಟರಲ್ಲಿ ನಾನು ಒಂದೇ ಗಂಟೆಯಲ್ಲಿ ಸೋಲುತ್ತಿದ್ದೆ. ಆಗ ಪಕ್ಕದ ಹಾಸಿಗೆಗೆ ಹಸೀನಾ ಎಂಬ ಹುಡುಗಿ ಬಂದಳು. ಮೊದಲ ದಿನ, ಸೂಜಿ ಕಂಡು ಬಿಕ್ಕುತ್ತಿದ್ದಳು. ವಿಶಾಲಾಕ್ಷಿ ನನ್ನನ್ನು ನರ್ಸ್ ಮೂಲಕ ಅವಳಿಗೆ ಕಳಿಸಿದರು.

"ಇದು ಒಂದೇ ತಾಸು ಬರ್ತದವ್ವಾ. ಆರಿದ ಮೇಲೆ ನಾವಿಬ್ಬರೂ ಮಾತಾಡೋಣ."

ಹಾಗೇ ನಡೆಯಿತು. ಹಸೀನಾಳ ಅಳು ನಿಂತಿತು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಈಗ ಬ್ಯಾಟರಿ ಉಬ್ಬಿ ನನ್ನ ಬೆನ್ನು ಸೀಳಿದೆ. ಗುಜರಿಯವನು ಅದನ್ನು ಕಿತ್ತು, ಬೆಂಕಿ ಹತ್ತದಿರಲಿ ಎಂದು ಮರಳಿನ ಬಕೆಟ್ಟಿಗೆ ಎಸೆದಿದ್ದಾನೆ. ಸಾಯುವುದಕ್ಕೆ ನನಗೆ ನಾಚಿಕೆಯಿಲ್ಲ. ಎಷ್ಟು ಹೊತ್ತು ಬದುಕುತ್ತೀಯ ಎಂದು ಕಾರ್ಖಾನೆಯವರು ನನ್ನನ್ನೇ ಕೇಳಬಹುದಿತ್ತು. ನಾನು ನಿಜ ಹೇಳುತ್ತಿದ್ದೆ.