ಕೊನೆಯ ಸ್ಟೇಜಿನ ಮನೆ

"ಅದು ಲಾಸ್ಟ್ ಸ್ಟೇಜು," ಎಂದ ಚಮನಸಾಬ, ಲಗ್ನಪತ್ರಿಕೆಗಳ ಐದನೇ ಕಟ್ಟಿಗೆ ರಬ್ಬರ್ ಬ್ಯಾಂಡು ಹಾಕುತ್ತ. "ಇಂಡಿ ಒಂದು, ಸಾಲೋಟಗಿ ಎರಡು, ಸಿಂದಗಿ ಮೂರು, ಬಾಗೇವಾಡಿ ನಾಕು, ಮುದ್ದೇಬಿಹಾಳ ಐದು. ನಡುವಿನ ಸ್ಟಾಪ್ ಹಾರಿಸಿ ಬಸ್ಸು ಹೋಗಾಕ ಬರ್ತೈತೇನು?"

ಅಕ್ಕಿ ಆರಿಸುತ್ತಿದ್ದ ಹೆಂಡತಿ ಕೌಸರ ಮೊರವನ್ನು ಕೆಳಗಿಟ್ಟಳು. "ನೀವು ಬಸ್ಸು ಬಿಡಾಕತ್ತಿಲ್ರಿ, ಮಗಳ ಲಗ್ನ ಮಾಡಾಕತ್ತೀರಿ. ಮೊದಲನೇ ಕಾರ್ಡು ಮುದ್ದೇಬಿಹಾಳದ ಆಪಾನ ಕೈಯಾಗ ಬೀಳಬೇಕು. ನಿಮ್ಮ ಮನಿತನದ ರೀತಿ ನಿಮಗ ನಾ ಹೇಳಬೇಕೇನ್ರಿ?"

"ಮೊದಲ ಆಕಿ ಹೆಸರs ಬರದೇನಿ. ನೋಡಿಲ್ಲೆ." ಐದನೇ ಕಟ್ಟಿನ ಮೇಲಿದ್ದ ಕಾರ್ಡನ್ನು ಅವಳ ಮುಖದ ಮುಂದೆ ಹಿಡಿದ. ದಪ್ಪ ಅಕ್ಷರದಲ್ಲಿ ಅಕ್ಕ ಶಮ್ಶುನ್ನೀಸಾಳ ಹೆಸರಿತ್ತು.

ಕೌಸರ ಮತ್ತೆ ಅಕ್ಕಿಗೆ ಕೈ ಹಾಕಿದಳು. ಮೂವತ್ತೆರಡು ವರ್ಷ ಇಂಡಿ–ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಆಗಿದ್ದವನೊಡನೆ ದಾರಿಯ ವಿಷಯದಲ್ಲಿ ವಾದ ಮಾಡಿ ಗೆದ್ದವರಿಲ್ಲ. ರಿಟೈರ್ ಆಗಿ ಎರಡು ವರ್ಷವಾದರೂ ಚಮನಸಾಬನ ಕಾಲಿನ ಚಕ್ರ ನಿಂತಿರಲಿಲ್ಲ. ಕೂತಲ್ಲಿ ಕೂಡುತ್ತಿರಲಿಲ್ಲ. ಬೆಳಿಗ್ಗೆ ಹಾಲು ತರಲು ಹೋದವನು ಬಸ್ ಸ್ಟ್ಯಾಂಡಿಗೆ ಹೋಗಿ ಎಲ್ಲ ಬಸ್ಸು ಟೈಮಿಗೆ ಸರಿಯಾಗಿ ಬಿಟ್ಟವೋ ಇಲ್ಲವೋ ನೋಡಿಕೊಂಡೇ ಬರುತ್ತಿದ್ದ. ಊಟಕ್ಕೆ ಕೂತವರ ತಲೆಯನ್ನೂ ಒಮ್ಮೆ ಎಣಿಸದೆ ತುತ್ತು ಎತ್ತುತ್ತಿರಲಿಲ್ಲ. ಮನೆಯವರಿಗೆ ಇದು ರೂಢಿಯಾಗಿತ್ತು.

ಆದರೆ ಕೌಸರ ಹೇಳಿದ್ದು ಸುಳ್ಳಲ್ಲ. ಆ ಮನೆತನದಲ್ಲಿ ಅಪ್ಪನ ಅಕ್ಕ ಮೊದಲು ಹಳದಿ ಮುಟ್ಟಿಸುವ ತನಕ ಮದುಮಗಳ ಕೆನ್ನೆಗೆ ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಮಗಳು ಬುಶ್ರಾಳ ಹಳದಿ ಬರುವ ವಾರದ ಬುಧವಾರ. ಶಮ್ಶುನ್ನೀಸಾ ಅಕ್ಕ ಅಂದರೆ ಬರೀ ಅಕ್ಕನೂ ಅಲ್ಲ. ನಾಲ್ಕು ವರ್ಷದ ಚಮನಸಾಬನ ತಾಯಿ ತೀರಿಕೊಂಡಾಗ ಹದಿಮೂರರ ಹುಡುಗಿ ಅವನನ್ನು ಸೊಂಟಕ್ಕೇರಿಸಿಕೊಂಡವಳು, ಅವನ ಮೀಸೆ ಮೂಡುವ ತನಕ ಇಳಿಸಿರಲಿಲ್ಲ.

ಸೋಮವಾರ ಇಂಡಿಯ ಓಣಿಗಳು ಮುಗಿದವು. ಸಾಲೋಟಗಿಯಲ್ಲಿ ಹಳೆಯ ಡ್ರೈವರ್ ಭೀಮಶ್ಯಾ ಹೊಲಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ಮೂರು ಮನೆಯವರು ಮೂರು ಕಪ್ಪು ಚಹಾ ಕುಡಿಸಿ ಚಮನಸಾಬನ ಎದೆ ಉರಿ ಹತ್ತಿಸಿದರು. ಮಂಗಳವಾರ ಸಿಂದಗಿಯಲ್ಲಿ ಬಸ್ಸಿನಿಂದ ಇಳಿಯುವಾಗ ಚಪ್ಪಲಿಯ ಉಂಗುಟ ಕಿತ್ತಿತು. ಹೊಲಿಯುವವನು ಊರಿಗೆ ಹೋಗಿದ್ದ. ಒಂದು ಕಾಲು ಎಳೆಯುತ್ತ ಕಾಕಾನ ಮಗ ಅಬ್ದುಲರಜಾಕನ ಮನೆ ಮುಟ್ಟಿ ಕಾರ್ಡು ಕೊಟ್ಟ. ರಜಾಕ ಒಳ್ಳೆಯವ, ಆದರೆ ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಕಾರ್ಡು ಕೈಗೆ ಬಂದದ್ದೇ ಫೋಟೋ ತೆಗೆದು ಬೀಗರು ಬಿಜ್ಜರಿಗೆಲ್ಲ ಕಳಿಸಿ, "ಚಮನಭಾಯಿ ಸ್ವತಃ ಬಂದು ಕೊಟ್ಟು ಹೋದ್ರು," ಎಂದು ಎಲ್ಲರಿಗೂ ಫೋನು ಹಚ್ಚಿದ.

ಬುಧವಾರ ಸಂಜೆ, ಸಿಂದಗಿಯ ಉಳಿದ ಮನೆಗಳನ್ನು ಮುಗಿಸಿ ಬಂದವನಿಗೆ ಕೌಸರ ಬಾಗಿಲಲ್ಲೇ ಹೇಳಿದಳು. "ಆಪಾ ಫೋನ್ ಎತ್ತವಲ್ರು. ಮೂರು ಸಲ ಮಾಡಿದೆ."

"ಚಾರ್ಜ್ ಇರ್ಲಿಕ್ಕಿಲ್ಲ."

"ರಜಾಕನ ಜೋಡಿ ಮಾತಾಡುವಾಗ ಚಾರ್ಜ್ ಇತ್ರೀ. 'ಸಿಂದಗೀಗೆ ಮುಟ್ಟೈತೇನು' ಅಂತ ಕೇಳಿ, ಇಟ್ಟಾರ."

ಚಮನಸಾಬ ಐದನೇ ಕಟ್ಟಿನಿಂದ ಅಕ್ಕನ ಕಾರ್ಡನ್ನು ಹೊರಗೆ ತೆಗೆದಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂದು ಏನು ಮಾಡುವುದು? ರಾತ್ರಿಯೆಲ್ಲ ಹೊರಳಾಡಿದ. ಗುರುವಾರ ಬಾಗೇವಾಡಿಯ ಕಟ್ಟನ್ನು ಹಾಗೇ ಬಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ನಡುವಿನ ಸ್ಟಾಪು ಹಾರಿಸಿ, ನೇರ ಮುದ್ದೇಬಿಹಾಳಕ್ಕೆ ಹೋದ.

ಅಕ್ಕನ ಮನೆ ಬಸ್ ಸ್ಟ್ಯಾಂಡಿನಿಂದ ಕೂಗಳತೆ ದೂರ. ಬಾಗಿಲಿಗೆ ಬೀಗ. ಎದುರು ಕಟ್ಟೆಯ ಮೇಲೆ ಕೂತಿದ್ದ ಲಕ್ಕವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಮುಂಜಾನೆ ಬಾಗೇವಾಡಿಗೆ ಹೋದ್ರಿ, ಮಗಳ ಮನೀಗೆ. ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಆದಾಗಿಂದ ಯಾರು ಮನ್ಯಾಗ ಸಿಗ್ತಾರ್ರಿ ಅಣ್ಣಾರ?"

ಅವನು ಬಾಗೇವಾಡಿ ಮುಟ್ಟುವ ಹೊತ್ತಿಗೆ ಮಗಳು ನಿಷತಳ ಮನೆಯಲ್ಲೂ ಅಕ್ಕ ಇರಲಿಲ್ಲ. "ಅಮ್ಮಿ ಮಸೂತಿ ಊರಿಗೆ ಹೋದ್ಲು ಮಾಮಾ, ಅಲ್ಲಿ ನಮ್ಮತ್ತಿಗೆ ಆರಾಮಿಲ್ಲ, ಮಾತಾಡಿಸ್ಕೊಂಡು ಬರ್ತೇನಿ ಅಂತ," ಎಂದಳು ನಿಷತ. ಆಮೇಲೆ ದನಿ ತಗ್ಗಿಸಿದಳು. "ನೀವು ಬರೋದು ಆಕಿಗೆ ಗೊತ್ತಿತ್ತು. ಹುಡುಕ್ಲಿ, ಅಂದ್ಲು."

ಹುಡುಕಿದ. ಶುಕ್ರವಾರ ನಮಾಜು ಮುಗಿಸಿ ಮಸೂತಿಗೆ ಹೋದರೆ, ಆಗಷ್ಟೇ ಬೀಗರ ಮನೆಯವರ ಜೋಡಿ ಹೊಲಕ್ಕೆ ಹೋದಳೆಂದರು. ಹೊಲಕ್ಕೆ ಹೋದರೆ, ಈಗಷ್ಟೇ ಬಂದ ದಾರಿಯಲ್ಲೇ ಹೋದಳೆಂದರು. ತಿರುಗಿ ಬರುವಾಗ ಬಸ್ಸು ಕೆಟ್ಟು ನಿಂತು, ಊರವರ ಜೊತೆ ಇವನೂ ಇಳಿದು ತಳ್ಳಿದ. ಮೂವತ್ತೆರಡು ವರ್ಷ ಊರೆಲ್ಲ ಇವನಿಗಾಗಿ ಕಾದಿತ್ತು. ಈಗ ಇವನು ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಹಿಂದೆ ಓಡುತ್ತಿದ್ದ. ಸಿಟ್ಟು ಬಂತು. ಅಕ್ಕನ ಮೇಲೆ ಬಂದದ್ದು ಹೊಲದ ದಾರಿ ಮುಗಿಯುವಷ್ಟರಲ್ಲಿ ತನ್ನ ಮೇಲೇ ತಿರುಗಿತು.

ಶನಿವಾರ ಮಧ್ಯಾಹ್ನ ಬಾಗೇವಾಡಿ ಸ್ಟ್ಯಾಂಡಿನಲ್ಲಿ, ಮುದ್ದೇಬಿಹಾಳದ ಬಸ್ಸು ನಿಲ್ಲುವ ಕಡೆ, ಕಲ್ಲುಬೆಂಚಿನ ಮೇಲೆ ಶಮ್ಶುನ್ನೀಸಾ ಕೂತಿದ್ದಳು. ಮಡಿಲಲ್ಲಿ ಚೀಲ, ಕೈಯಲ್ಲಿ ಆಧಾರ್ ಕಾರ್ಡು.

"ಆಪಾ!"

ಅವಳು ಅವನ ಕಡೆ ನೋಡಿ, ಬಸ್ಸು ಬರುವ ದಾರಿ ನೋಡಿದಳು. "ಮುದ್ದೇಬಿಹಾಳದ ಬಸ್ಸು ಎಷ್ಟಕ್ಕ ಐತ್ರಿ, ಕಂಡಕ್ಟರ್ ಸಾಹೇಬ್ರ?"

ಅಕ್ಕ ಬಹುವಚನ ಹಚ್ಚಿದಳೆಂದರೆ ಕಪಾಳಕ್ಕೆ ಹೊಡೆದಂತೆಯೇ. ಚಮನಸಾಬ ಪಕ್ಕದಲ್ಲಿ ಕೂತು ಚೀಲದಿಂದ ಕಾರ್ಡು ತೆಗೆದ. ವಾರವೆಲ್ಲ ತಿರುಗಿ ಅದರ ಮೂಲೆ ಮಡಚಿತ್ತು. "ಮೊದಲ ಬರದದ್ದು ನಿನ್ನ ಹೆಸರs, ಆಪಾ. ಖುದಾನ ಆಣಿ."

"ಬರದದ್ದು ಮೊದಲ, ತಂದದ್ದು ಕಡೀಕ."

"ಬುಧವಾರ ಹಳದಿ ಐತಿ. ನೀ ಇಲ್ದ..."

"ಸಿಂದಗಿ ರಜಾಕ ಹಚ್ಲಿ. ಅವನ ಕೈಯಾಗ ಮೊದಲ ಕೊಟ್ಟೀಯಲ್ಲ."

ಚಮನಸಾಬ ಅಕ್ಕನ ಕೈ ನೋಡುತ್ತ ಕೂತ. ಉಗುರಿನ ಸಂದುಗಳು ಹಳದಿಗಟ್ಟಿದ್ದವು. ಮಸೂತಿಯಲ್ಲಿ ಬೀಗತಿಯ ಅಡುಗೆಗೆ ಕೈ ಹಚ್ಚಿರಬೇಕು ಅಂದುಕೊಂಡ.

"ಚಮನ್ಯಾ," ಎಂದಳು ಅವಳು, ಈಗ ಬಹುವಚನ ಬಿಟ್ಟು. "ಮೂವತ್ತೆರಡು ವರ್ಷ ದಿನಾ ನಮ್ಮೂರಿಗೆ ಬಂದಿ. ಎಷ್ಟು ಸಲ ನಮ್ಮ ಮನೀಗೆ ಬಂದಿ? ನಾನs ಬುತ್ತಿ ಕಟಗೊಂಡು ಸ್ಟ್ಯಾಂಡಿಗೆ ಬಂದೇನಿ. ನೀ ಒಂದು ಕೈಲೆ ಬುತ್ತಿ ಇಸ್ಕೊಂಡಿ, ಇನ್ನೊಂದು ಕೈಲೆ ಸೀಟಿ ಹೊಡದಿ."

"ಐದು ನಿಮಿಷ ಅಷ್ಟs ಟೈಮ್ ಇರ್ತಿತ್ತು, ಆಪಾ. ನಿನಗ ಗೊತ್ತಿಲ್ಲೇನು?"

"ಆಗಿಂದು ಹೋಗ್ಲಿ. ಎರಡು ವರ್ಷ ಆತು, ಈಗ ಎಷ್ಟು ನಿಮಿಷ ಐತಿ?"

ಸ್ಟ್ಯಾಂಡಿಗೆ ದಿನಾ ಹೋಗಿ ಬಸ್ಸು ನೋಡುತ್ತ ನಿಲ್ಲುವವನು ಯಾವುದಾದರೂ ಒಂದನ್ನು ಹತ್ತಿ ಅಕ್ಕನ ಮನೆಗೆ ಹೋಗಬಹುದಿತ್ತು. ಇದು ಅವನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಕಾರ್ಡನ್ನು ಮತ್ತೆ ಅವಳ ಮಡಿಲ ಕಡೆ ಚಾಚಿದ.

ಅವಳು ಕೈ ಮುಂದೆ ಮಾಡಲಿಲ್ಲ. "ಸ್ಟ್ಯಾಂಡಿನಾಗ ಕೊಡೂದು ಬುತ್ತಿ. ಲಗ್ನದ ಕಾರ್ಡು ಹೊಸ್ತಿಲಾ ದಾಟಿ ಬಂದು ಕೊಡೂದು."

ಬಸ್ಸು ಬಂತು. ಶಮ್ಶುನ್ನೀಸಾ ಆಧಾರ್ ತೋರಿಸಿ ಪುಕ್ಕಟೆ ಟಿಕೇಟು ಇಸಿದುಕೊಂಡು ಕಿಟಕಿಯ ಹತ್ತಿರ ಕೂತಳು. ಚಮನಸಾಬ ಬಾಗಿಲ ಬಳಿ ಕಂಬ ಹಿಡಿದು ನಿಂತ. ಹಿಂದೆ ಸೀಟು ಖಾಲಿ ಇತ್ತು. ಕಂಡಕ್ಟರ್ ಹೆಣ್ಣುಮಗಳು ಎರಡು ಸಲ, "ಕೂಡ್ರಿ ಕಾಕಾ," ಎಂದಳು. ಅವನು ಕೂತ, ಎದ್ದ, ಮತ್ತೆ ಕೂತ. ಪ್ರತಿ ಸ್ಟಾಪಿನಲ್ಲೂ ಅವನ ನಾಲಿಗೆಯ ತುದಿಗೆ ‘ಹೋಲ್ಡಾನ್’ ಬಂದು ನಿಲ್ಲುತ್ತಿತ್ತು. ಅಕ್ಕ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮುದ್ದೇಬಿಹಾಳದಲ್ಲಿ ಅವಳು ಮುಂದೆ, ಅವನು ಹಿಂದೆ. ಬೀಗ ತೆಗೆದು ಒಳಗೆ ಹೋದವಳು ಬಾಗಿಲು ಮುಚ್ಚಿಕೊಂಡಳು. ಚಮನಸಾಬ ಮೆಟ್ಟಿಲ ಮೇಲೆ ಕಕ್ಕಾವಿಕ್ಕಿಯಾಗಿ ನಿಂತ.

"ಬಾಗಿಲಾ ಬಡೀರಿ ಅಣ್ಣಾರ," ಎಂದಳು ಲಕ್ಕವ್ವ ಎದುರು ಕಟ್ಟೆಯಿಂದ. "ಮನಿ ಏನ್ ಬಸ್ಸಲ್ಲ, ಬಿಟ್ಟು ಹೋಗಾಕ."

ಬಡಿದ. ಬಾಗಿಲು ತೆರೆಯಿತು. ಶಮ್ಶುನ್ನೀಸಾ ಮುಖ ತೊಳೆದು, ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. "ಬರ್ರಿ. ಯಾವೂರಿಂದ ಬಂದ್ರಿ?"

"ಇಂಡಿಯಿಂದ ಬಂದೇನ್ರಿ." ಅವನು ಚೀಲದಿಂದ ಕಾರ್ಡು ತೆಗೆದ. "ಮಗಳ ಲಗ್ನ ಐತ್ರಿ. ನಮ್ಮ ಅಕ್ಕಗ ಹೇಳಾಕ ಬಂದೇನ್ರಿ."

ಅವಳು ಎರಡೂ ಕೈಯಿಂದ ಸೆರಗು ಒಡ್ಡಿ ಕಾರ್ಡು ಇಸಿದುಕೊಂಡಳು. ಕಣ್ಣಿಗೆ ಒತ್ತಿಕೊಂಡಳು. "ಕೂಡು," ಎಂದು ಹೊರಸು ತೋರಿಸಿ, ಚಹಾಕ್ಕೆ ಇಡಲು ಒಳಗೆ ಹೋದಳು.

ಹೊರಸಿನ ಮೇಲೆ ಕೂತವನಿಗೆ ಸ್ಟ್ಯಾಂಡಿನ ಸದ್ದೆಲ್ಲ ಕೇಳುತ್ತಿತ್ತು. ಇಂಡಿಯ ಕಡೆಯ ಬಸ್ಸು ಐದೂವರೆಗೆ. ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತೈದು. ಅವನ ಕಾಲು ತಾನಾಗಿಯೇ ಹೊರಸಿನ ಕೆಳಗೆ ಚಪ್ಪಲಿ ತಡಕಿತು. ಚಪ್ಪಲಿ ಇರಲಿಲ್ಲ. ಎದ್ದು ಹುಡುಕಿದರೆ, ನಡುಮನೆಯ ಮೂಲೆಯಲ್ಲಿ, ಕುಟ್ಟುವ ಒರಳಿನ ಹಿಂದೆ, ಅಕ್ಕ ತನ್ನ ಚಪ್ಪಲಿಯ ಪಕ್ಕ ಅವನವನ್ನೂ ಎತ್ತಿಟ್ಟಿದ್ದಳು. ಒರಳಿನ ಬಾಯಿ ಹಳದಿಯಾಗಿತ್ತು. ಪಕ್ಕದ ಮಣೆಯ ಮೇಲೆ ತೆಳುಬಟ್ಟೆ ಮುಚ್ಚಿದ ದೊಡ್ಡ ತಾಟು. ಬಟ್ಟೆಯ ತುದಿ ಎತ್ತಿದ. ಸಣ್ಣಗೆ ಕುಟ್ಟಿ ಸೋಸಿದ ಅರಿಷಿಣ, ತಾಟಿನ ತುಂಬ.

ಚಹಾ ಹಿಡಿದು ಬಂದ ಅಕ್ಕ ಅವನ ಹಿಂದೆ ನಿಂತಿದ್ದಳು.

"ಯಾವಾಗ ಕುಟ್ಟಿದಿ, ಆಪಾ?"

"ಸೋಮವಾರ," ಎಂದಳು. "ಕಾರ್ಡು ಹೊಂಟಾವು ಅಂತ ಕೌಸರ ಹೇಳಿದ್ಲು. ಮೊದಲ ನೀ ಇಲ್ಲೇ ಬರ್ತಿ ಅಂದ್ಕೊಂಡೆ."

ಸ್ಟ್ಯಾಂಡಿನಲ್ಲಿ ಬಸ್ಸು ಹಾರ್ನು ಹೊಡೆಯಿತು. ಆಮೇಲೆ ಸೀಟಿ, ಉದ್ದಕ್ಕೆ ಒಂದು. ಇಂಜಿನಿನ ಸದ್ದು ಓಣಿಯ ಬಾಯಿ ದಾಟಿ ದೂರವಾಯಿತು.

ಚಮನಸಾಬ ಹೊರಸಿಗೆ ಮರಳಿ ಬಂದು, ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತ. ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು, ಮೆಲ್ಲಗೆ ಊದಿ ಆರಿಸತೊಡಗಿದ.