ಜ್ವರ ಬಾರದ ಕ್ಯಾಪ್ಸೂಲ್

ಬೀದಿಯ ಮಕ್ಕಳೆಲ್ಲ ಫ್ಯೂಸ್ ಮಾಮ ಎಂದು ಕರೆಯುವ ಎಲೆಕ್ಟ್ರಿಷಿಯನ್‌ಗೆ ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ. ಡಾಕ್ಟರಮ್ಮ ಸೂಜಿ ಚುಚ್ಚಿ ಆ ಗಡ್ಡೆಯೊಳಗೇ ಒಂದು ಜೀನ್ ಇಳಿಸಿದ್ದರು. ಅದು ತಾನಾಗಿ ಏನೂ ಮಾಡುವುದಿಲ್ಲ, ಸುಮ್ಮನೆ ಬಿದ್ದಿರುತ್ತದೆ. ಬೆಳಿಗ್ಗೆ ಒಂದು ಕ್ಯಾಪ್ಸೂಲ್ ನುಂಗಿದರೆ ಎಚ್ಚೆತ್ತು, ಮೈಯ ರಕ್ಷಣಾ ಪಡೆಯನ್ನು ಗಡ್ಡೆಯ ಮೇಲೆ ಛೂ ಬಿಡುತ್ತದೆ. ನುಂಗುವುದನ್ನು ಬಿಟ್ಟರೆ ಮತ್ತೆ ಮಲಗುತ್ತದೆ. "ಊರಿಗೆಲ್ಲ ಸ್ವಿಚ್ ಹಾಕಿದೆ, ಈಗ ನಂಗೇ ಒಂದು ಹಾಕಿದ್ದಾರೆ ನೋಡೇ" ಎಂದು ಅವನು ಹೆಂಡತಿಯನ್ನು ನಗಿಸಿದ್ದ.

ಕ್ಯಾಪ್ಸೂಲ್ ಕೊಡುವ ಕೆಲಸ ಅವಳದು. ಜ್ವರ ಬರುತ್ತದೆ, ಬಂದರೆ ಔಷಧಿ ಕೆಲಸ ಶುರು ಮಾಡಿದೆ ಎಂದರ್ಥ, ಹೆದರಬೇಡಿ ಎಂದು ಡಾಕ್ಟರಮ್ಮ ಹೇಳಿದಾಗ ಅವಳೂ ತಲೆಯಾಡಿಸಿದ್ದಳು. ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ತಲೆಯಾಡಿಸುವುದಕ್ಕೇನು ಕಷ್ಟ? ಮನೆಯಲ್ಲಿ ಗಂಡ ಕೆಂಡದಂತೆ ಸುಡುತ್ತ, ಅವಳನ್ನೇ ಗುರುತಿಸದೆ ಗೋಡೆಯ ಜೊತೆ ಮಾತಾಡತೊಡಗಿದಾಗ ಅವಳಿಗೆ ನೆನಪಾದದ್ದು ಅವನದೇ ಮಾತು: ಸುಟ್ಟ ವಾಸನೆ ಬಂದರೆ ಮೊದಲು ಮೇನ್ ಆಫ್ ಮಾಡು, ಕಾರಣ ಆಮೇಲೆ ಹುಡುಕು. ಮದುವೆಯಾದಂದಿನಿಂದ ಅವನು ಅವಳ ತಲೆಗೆ ತುಂಬಿದ್ದು ಇದೊಂದೇ ಪಾಠ. ಅವಳು ಅದನ್ನೇ ಮಾಡಿದಳು. ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಸಿಂಕಿಗೆ ಸುರಿದು, ಒಳಗೆ ಗೋಧಿ ಹಿಟ್ಟು ತುಂಬಿ ಮುಚ್ಚಿದಳು. ಎರಡು ದಿನ ಸುಧಾರಿಸಿಕೊಳ್ಳಲಿ ಎಂದಷ್ಟೇ ಅಂದುಕೊಂಡಿದ್ದಳು, ಪಾಪ.

ಜ್ವರ ಬಿಟ್ಟಿತು. ಅವನು ಎದ್ದು ಕೂತ, ಹೊಟ್ಟೆ ತುಂಬ ಉಂಡ, ಪಕ್ಕದ ಮನೆಯ ಫ್ಯಾನನ್ನೂ ರಿಪೇರಿ ಮಾಡಿಕೊಟ್ಟು ಬಂದ.

"ಮೈಗೆ ಒಗ್ಗಿಬಿಡ್ತು ಕಣೇ" ಎಂದು ಬೀಗಿದ.

ಆ ಮುಖ ನೋಡಿಕೊಂಡು ನಿಜ ಹೇಳುವುದು ಹೇಗೆ? ಅಸಲಿ ಕೊಟ್ಟರೆ ಮತ್ತೆ ಜ್ವರ, ಕೊಡದಿದ್ದರೆ ಗಡ್ಡೆ. ಬೋನಿಗೆ ಬಿದ್ದ ಇಲಿಯಂತೆ ಅವಳು ಅಡುಗೆಮನೆಯಲ್ಲೇ ಸುತ್ತಿದಳು. ನಾಳೆ ಕೊಟ್ಟರಾಯಿತು, ನಾಳೆ ಕೊಟ್ಟರಾಯಿತು ಎನ್ನುತ್ತಲೇ ಸ್ಕ್ಯಾನಿಂಗ್ ದಿನ ಬಂದುಬಿಟ್ಟಿತು.

"ಗಡ್ಡೆ ಬೆಳೆದಿದೆ" ಎಂದರು ಡಾಕ್ಟರಮ್ಮ. "ಜ್ವರಾನೂ ಬರ್ತಿಲ್ಲ ಅಂತೀರಿ. ಆ ಜೀನು ನಿಮ್ಮಲ್ಲಿ ಕೆಲಸ ಮಾಡ್ತಿಲ್ಲ. ಔಷಧಿ ನಿಲ್ಲಿಸಿಬಿಡೋಣ."

"ಬೇರೆ ಏನಾದ್ರೂ?" ಅವನು ಕೇಳಿದ.

"ನೋವಿಗೆ ಮಾತ್ರೆ ಕೊಡ್ತೀನಿ, ಅಷ್ಟೇ."

ಅವಳ ಬಾಯಿಂದ ಮಾತು ತಾನಾಗಿಯೇ ಬಿತ್ತು. "ಅದು ಕೆಲಸ ಮಾಡುತ್ತೆ ಡಾಕ್ಟ್ರೇ. ನಾನೇ ಅದರಲ್ಲಿ ಹಿಟ್ಟು ತುಂಬಿ ಕೊಡ್ತಿದ್ದೆ."

ಡಾಕ್ಟರಮ್ಮ ಗಂಟಲು ಒಣಗುವವರೆಗೂ ಬೈದರು, ಬೈದು ಮುಗಿಸಿ ಹೊಸ ಡಬ್ಬಿ ಬರೆದುಕೊಟ್ಟರು. ಗಂಡ ಮಾತ್ರ ಬಸ್ಸಿನಲ್ಲಿ ಮನೆ ಬರುವ ತನಕ ಕಿಟಕಿಯಾಚೆಗೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಅವಳು ಡಬ್ಬಿಯನ್ನು ಅವನ ಮುಂದಿಟ್ಟಳು. "ಇನ್ಮೇಲೆ ನೀವೇ ತಗೊಳ್ಳಿ. ನನ್ನನ್ನ ನಂಬಬೇಡಿ."

ಅವನು ಡಬ್ಬಿಯನ್ನು ಅವಳ ಕಡೆಗೇ ತಳ್ಳಿದ. "ನನ್ನ ಕೈಲಾಗಲ್ಲ ಕಣೇ. ಆ ಜ್ವರ ನೆನೆಸಿಕೊಂಡ್ರೆ ನಾನೇ ಕದ್ದು ಬಿಸಾಕ್ತೀನಿ. ನೀನೇ ಕೊಡು. ನಾನು ಬೇಡ ಅಂದ್ರೂ ಕೊಡು."

ಕೊಟ್ಟಳು. ಸಂಜೆಯೊಳಗೆ ಜ್ವರ ಏರಿತು. ಹೊದಿಕೆಯ ಮೇಲೆ ಹೊದಿಕೆ ಹೊದಿಸಿದರೂ ಮಂಚ ಗಡಗಡ ಅಲುಗಾಡುತ್ತಿತ್ತು. ಅವನು ಅವಳ ಮಣಿಕಟ್ಟು ಹಿಡಿದುಕೊಂಡು ಗೋಗರೆದ.

"ನಾಳೆ ಹಿಟ್ಟಿಂದೇ ಕೊಡೇ. ನಿನ್ನ ದಮ್ಮಯ್ಯ."

"ಆಗಲಿ ರೀ" ಎಂದಳು.

ಬೆಳಿಗ್ಗೆ ಅವನು ಅವಳ ಮುಖವನ್ನೇ ನೋಡುತ್ತ, ಮಗುವಿನಷ್ಟು ನಂಬಿಕೆಯಿಂದ ಬಾಯಿ ತೆರೆದ. ಅವಳು ಅಸಲಿಯನ್ನೇ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದಳು.