ಹೊಲಿಗೆ ಬಿಚ್ಚಿದ ಪುಸ್ತಕ

ಅಣ್ಣ ಮಂಡಿಯೂರಿ ಕೆಲಸದ ಮೇಜಿನ ಕೆಳಗೆ ಕೈಯಾಡಿಸುತ್ತಿದ್ದ. ಪಕ್ಕದ ಕೋಣೆಯಲ್ಲಿ ತಮ್ಮನನ್ನು ಮಲಗಿಸಿದ್ದರು. ಜನ ಅಲ್ಲೇ ಗೋಡೆಗೊರಗಿ ಕೂತು ಶವದ ವ್ಯಾನಿಗೆ ಕಾಯುತ್ತಿದ್ದರು. ಇವನಿಗೆ ಬೇಕಾಗಿದ್ದದ್ದು ತನ್ನ ಪುಸ್ತಕ.

“ಮೇಜಿನ ಮೇಲೇ ಇದೆ, ದೊಡ್ಡಪ್ಪ,” ಎಂದಳು ತಮ್ಮನ ಮಗಳು.

ಇತ್ತು, ಪುಸ್ತಕವಾಗಿ ಇರಲಿಲ್ಲ. ರಟ್ಟು ಒಂದು ಕಡೆ, ಹೊಲಿಗೆ ಬಿಚ್ಚಿದ ಹಾಳೆಗಳ ಕಂತೆಗಳು ಇನ್ನೊಂದು ಕಡೆ.

“ಅಯ್ಯೋ, ಚಿಂದಿ ಮಾಡಿಟ್ಟು ಹೋದನಲ್ಲೇ!”

“ಫೋಟೋ ತೆಗೆಯೋಕೆ ಬಿಚ್ಚಿದ್ರು. ಅರ್ಧ ಆಗಿದೆ. ಉಳಿದಿದ್ದು ನಾನು ತೆಗೀಲಾ?”

“ಮುಟ್ಬೇಡ. ಅಪ್ಪನ್ನ ಒಳಗೆ ಮಲಗ್ಸಿ ಫೋಟೋ ತೆಗೀತಾಳಂತೆ! ನಾನು ತಗೊಂಡು ಹೋಗ್ತೀನಿ.”

*

ತಮ್ಮ ಬೈಂಡಿಂಗ್ ಕೆಲಸದವನು. ಜೀವಮಾನವಿಡೀ ಪುಸ್ತಕ ಹೊಲಿದವನು ವಯಸ್ಸಾದ ಮೇಲೆ ಬಿಚ್ಚತೊಡಗಿದ. ಎಲ್ಲೂ ಸಿಗದ ಹಳೆಯ ಪುಸ್ತಕಗಳನ್ನು ಬಿಚ್ಚಿ, ಹಾಳೆ ಹಾಳೆಯ ಚಿತ್ರ ತೆಗೆದು, ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಡಿಜಿಟಲ್ ಗ್ರಂಥಾಲಯಕ್ಕೆ ಸೇರಿಸಿ, ಮತ್ತೆ ಹೊಲಿದು ಒಡೆಯರಿಗೆ ಮುಟ್ಟಿಸುತ್ತಿದ್ದ. ಮೊದಮೊದಲು ಅದು ನಾಲ್ಕು ಜನ ಹುಚ್ಚರ ಆಟದಂತಿತ್ತು. ನೋಡನೋಡುತ್ತ ಹೆಸರೇ ಕೇಳದ ಊರುಗಳ ಜನ ಓದತೊಡಗಿದರು.

ಅಣ್ಣನದು ಪುಸ್ತಕದಂಗಡಿ. ಅವನಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತೆ.

“ಪುಕ್ಕಟೆ ಸಿಕ್ರೆ ನನ್ನಂಗಡಿಗೆ ಯಾರು ಬರ್ತಾರೋ?”

“ನಾನು ಕೇಳ್ತಿರೋ ಪುಸ್ತಕ ನಿನ್ನಂಗಡೀಲೂ ಇಲ್ವಲ್ಲಣ್ಣ. ನಿನ್ನ ಪೆಟ್ಟಿಗೇಲಿ ಮಾತ್ರ ಇದೆ.”

ಮನೆಯೊಳಗಿಂದ ನದಿಯೊಂದು ಹರಿದುಹೋಗುವ ಕತೆ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕಂಬಳಿಯೊಳಗೆ ಓದಿದ್ದು. ಇನ್ನೊಂದು ಪ್ರತಿ ಎಲ್ಲೂ ಉಳಿದಿರಲಿಲ್ಲ. ಅಂಗಡಿ ಮುಚ್ಚಿದ ಮೇಲೂ ಅಣ್ಣ ಅದನ್ನು ಕೊಟ್ಟಿರಲಿಲ್ಲ. ತಮ್ಮ ಕಾಯಿಲೆ ಬಿದ್ದಾಗ ಮನಸ್ಸು ತಡೆಯದೆ ತಂದುಕೊಟ್ಟಿದ್ದ.

*

ಅಣ್ಣ ಕಂತೆಗಳನ್ನು ಎದೆಗವಚಿಕೊಂಡು ಹೊರಟ. ತಮ್ಮನನ್ನು ಮಲಗಿಸಿದ್ದ ಕೋಣೆಯ ಹೊಸ್ತಿಲು ದಾಟುವಾಗ ಅವು ಜಾರಿ, ಕೂತವರ ಕಾಲ ಬಳಿಯೆಲ್ಲ ಚದುರಿದವು. ಜನ ಎತ್ತಿಕೊಂಡರು, ಎತ್ತಿಕೊಂಡವರು ಕಣ್ಣಾಡಿಸಿದರು. ಕಿಟಕಿಯ ಪರದೆ ಸುಮ್ಮನೆ ಉಬ್ಬಿ ಇಳಿಯುತ್ತಿತ್ತು. ಕಾಗದದ ಸರಸರ ಸದ್ದು ನೀರಿನಂತೆ ಕೋಣೆಯೆಲ್ಲ ಹರಿದಾಡಿತು.

“ಕೊಡೇ ಇಲ್ಲಿ,” ಎಂದು ಅಣ್ಣ ತಂಗಿಯತ್ತ ಕೈಚಾಚಿದ.

“ತಾಳಣ್ಣ, ದೋಣಿ ಅಡುಗೆಮನೆ ತನಕ ಬಂದಿದೆ,” ಎಂದಳು ತಂಗಿ.

“ದೋಣೀಲಿರೋ ಹುಡುಗ ಯಾರು?” ಎಂದ ಪಕ್ಕದ ಮನೆಯ ಟೈಲರ್. “ನನ್ನ ಹತ್ರ ಇರೋದ್ರಲ್ಲಿ ಅವನಾಗ್ಲೇ ಮುದುಕ.”

“ಅಂಬಿಗನ ಮಗ. ನಿದ್ದೆಗಣ್ಣಲ್ಲಿ ದೋಣಿ ಹತ್ತಿಬಿಡ್ತಾನೆ. ಆಮೇಲೆ... ಆಮೇಲೇನೋ?” ಎನ್ನುತ್ತ ಅಣ್ಣ ಅಭ್ಯಾಸಬಲದಿಂದ ತಮ್ಮನತ್ತ ತಿರುಗಿದ.

ತಮ್ಮ ಮಲಗಿಯೇ ಇದ್ದ. ಈ ಕತೆ ಓದಿದವರೆಂದು ಅಣ್ಣನಿಗೆ ಗೊತ್ತಿದ್ದದ್ದು ಅವನೊಬ್ಬನೇ. ಇನ್ನು ಇದರ ಬಗ್ಗೆ ಯಾರ ಜೊತೆ ಮಾತಾಡುವುದು? ಅಣ್ಣ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಬೆಳಗಿನಿಂದ ಅತ್ತಿರಲಿಲ್ಲ.

“ಆಮೇಲೆ ಅವನು ಮನೆಗೆ ಬಂದ್ನಾ, ಭಾವ?” ತಮ್ಮನ ಹೆಂಡತಿ ಮೆಲ್ಲಗೆ ಕೇಳಿದಳು. ಅವಳ ಮಡಿಲಲ್ಲೂ ಒಂದು ಕಂತೆಯಿತ್ತು.

ಅಣ್ಣ ಕಣ್ಣೊರೆಸಿಕೊಂಡ. “ಫೋನ್ ತಗೊಂಡು ಬಾರಮ್ಮ,” ಎಂದು ತಮ್ಮನ ಮಗಳನ್ನು ಕರೆದ. “ಹಾಳೆ ನಾನು ಹಿಡ್ಕೋತೀನಿ. ಅರ್ಧದಿಂದ ಮುಂದಿಂದು ಯಾರ ಹತ್ರ ಇದೆ?”

“ಇನ್ನೆರಡೇ ಪುಟ!” ಎಂದ ಟೈಲರ್.

ಹೊರಗೆ ವ್ಯಾನು ಬಂದು ನಿಂತಿತು. ಡ್ರೈವರ್ ಬಾಗಿಲಿಗೆ ಬಂದು, “ಹೊರಡೋಣ್ವಾ?” ಎಂದ. ಯಾರೂ ತಲೆಯೆತ್ತಲಿಲ್ಲ. ತಂಗಿ ತಾನು ಓದಿ ಮುಗಿಸಿದ ಕಂತೆಯನ್ನು ಅವನ ಕೈಗೆ ತುರುಕಿದಳು. ಅವನು ಅತ್ತ ಇತ್ತ ನೋಡಿ ಮೆಟ್ಟಿಲ ಮೇಲೆ ಕೂತ. ಬೀದಿಯಲ್ಲಿ ವ್ಯಾನಿನ ಹಿಂಬಾಗಿಲು ತೆರೆದೇ ಇತ್ತು. ಅವನು ತುಟಿಯಾಡಿಸುತ್ತ ನಡುವಿನಿಂದಲೇ ಓದತೊಡಗಿದ್ದ.